ಮೀಂಡ್ ಬಲ್ಲ ಕೀಬೋರ್ಡ್: ಬೀಳ್ಕೊಡುವ ಮುನ್ನ ರೋಲ್ಯಾಂಡ್ ಎಕ್ಸ್‌ಪಿ-50 ಬಗ್ಗೆ

ರೋಲ್ಯಾಂಡ್ ಎಕ್ಸ್‌ಪಿ-50 ಮಾರುಕಟ್ಟೆಗೆ ಬಂದದ್ದು 1995ರಲ್ಲಿ. ನನ್ನ ಕೈಗೆ ಬಂದದ್ದು ಕೆಲವು ವರ್ಷಗಳ ನಂತರ, ಮುಂಬೈಯ ಒಬ್ಬ ಆರ್ಕೆಸ್ಟ್ರಾ ವಾದಕರಿಂದ, ಸೆಕೆಂಡ್ ಹ್ಯಾಂಡ್. ಅಂದಿನಿಂದ ಹುಬ್ಬಳ್ಳಿ-ಧಾರವಾಡದಲ್ಲಿ ವಚನ ಗಾಯನ, ಭಾವಗೀತೆ, ಶರೀಫರ ತತ್ವಪದ, ಜಾತ್ರೆಯ ರಸಮಂಜರಿ, ಮದುವೆಯ ಆರ್ಕೆಸ್ಟ್ರಾ ಎಲ್ಲಕ್ಕೂ ಇದನ್ನೇ ಹೊತ್ತು ತಿರುಗಿದ್ದೇನೆ. ಈ ತಿಂಗಳು ಇದು ಅಣ್ಣಿಗೇರಿಯ ಒಬ್ಬ ಹುಡುಗನ ಮನೆ ಸೇರಲಿದೆ. ಹಳೇ ಪೇಟೆಯಲ್ಲಿ ಈ ಮಾಡೆಲ್ ಇನ್ನೂ ಕಾಣಿಸುತ್ತದೆ. ಕೊಳ್ಳಲೋ ಬೇಡವೋ ಎಂದು ಯೋಚಿಸುವವರಿಗೆ, ಅದರಲ್ಲೂ ಹಾಡುವವರ ಹಿಂದೆ ಕೂತು ಸಾಥ್ ಕೊಡುವವರಿಗೆ, ಇಷ್ಟು ಕಾಲ ಇದರ ಜೊತೆ ಬದುಕಿದವನ ಅನುಭವ ಬೇಕಾದೀತು.

ಮೊದಲು ಇದರಲ್ಲಿ ಏನಿದೆ ಎಂಬುದನ್ನು ಹೇಳಿಬಿಡುತ್ತೇನೆ. 61 ಕೀಗಳು. ಒಟ್ಟಿಗೆ 64 ದನಿ ಹೊರಡಿಸುವ ಶಕ್ತಿ. 16 ಟ್ರ್ಯಾಕಿನ ಸೀಕ್ವೆನ್ಸರ್ (ನುಡಿಸಿದ್ದನ್ನು ನೆನಪಿಟ್ಟು ಮತ್ತೆ ತಾನೇ ನುಡಿಸುವ ವ್ಯವಸ್ಥೆ), 3.5 ಇಂಚಿನ ಫ್ಲಾಪಿ ಡ್ರೈವ್, ಹೆಚ್ಚಿನ ದನಿಗಳ ಕಾರ್ಡ್ ಕೂಡಿಸಲು ನಾಲ್ಕು ಜಾಗ. ಸ್ಪೀಕರ್ ಇಲ್ಲ. ಗುಂಡಿ ಒತ್ತಿದರೆ ತಾನೇ ಹೊಡೆದುಕೊಳ್ಳುವ ತಾಳ, ಸ್ಟೈಲ್ ಯಾವುದೂ ಇಲ್ಲ. ತಂಬೂರಿ, ತಬಲಾ ಹಚ್ಚಿಕೊಂಡು ಮನೆಯಲ್ಲಿ ರಿಯಾಜ್ ಮಾಡಬೇಕು, ಮಕ್ಕಳಿಗೆ ಭಜನೆ ಕಲಿಸಬೇಕು ಎನ್ನುವವರಿಗೆ ಇದು ಬೇಡ. ಅವರಿಗೆ ಇವತ್ತು ಭಾರತೀಯ ತಾಳಗಳನ್ನು ತುಂಬಿಕೊಂಡು ಬರುವ ಅರೇಂಜರ್ ಕೀಬೋರ್ಡುಗಳೇ ಸರಿ, ಬೆಲೆಯೂ ಕೈಗೆಟುಕುತ್ತದೆ.

ಹಾಗಾದರೆ ಇದು ಯಾರಿಗೆ? ನಮ್ಮ ಕಡೆಯ ಕೇಳುಗರನ್ನು ಸ್ವಲ್ಪ ನೆನೆಸಿಕೊಳ್ಳಿ. ಕುಂದಗೋಳದ ಸವಾಯಿ ಗಂಧರ್ವರು, ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಹಾಡಿದ ನೆಲ ಇದು. ರೈಲಿನಲ್ಲಿ ತಾಸೊತ್ತು ಹೋದರೆ ಗದಗಿನ ವೀರೇಶ್ವರ ಪುಣ್ಯಾಶ್ರಮ. ಅಲ್ಲಿ ಕಲಿತವರು ಉತ್ತರ ಕರ್ನಾಟಕದ ಮೂಲೆಮೂಲೆಯಲ್ಲಿ ಪೇಟಿ (ಹಾರ್ಮೋನಿಯಂ), ತಬಲಾ, ಗಾಯನ ಹೇಳಿಕೊಡುತ್ತಿದ್ದಾರೆ. ಹೀಗಾಗಿ ಇಲ್ಲಿ ಮುಂದಿನ ಸಾಲಿನಲ್ಲಿ ಕೂತ ಕಾಳಿನ ವ್ಯಾಪಾರಿಗೂ ಗಂಧಾರ, ಅಂದರೆ ಸರಿಗಮದ ಗ, ಎಲ್ಲಿ ಕೂರಬೇಕು ಎಂಬುದು ಕಿವಿಗೆ ಗೊತ್ತು. ರಾಗದ ಹೆಸರು ಕೇಳಿದರೆ ಹೇಳಲಿಕ್ಕಿಲ್ಲ. ಆದರೆ ಸ್ವರ ತಪ್ಪಿದಾಗ ಅವರ ಮುಖ ಬದಲಾಗುವುದು ವೇದಿಕೆಗೆ ಕಾಣಿಸುತ್ತದೆ. ಇಂಥ ಜಾಗದಲ್ಲಿ ಕೀಬೋರ್ಡ್ ಅಂದರೆ ಹಿರಿಯರಿಗೆ ಮೊದಲಿನಿಂದಲೂ ಅನುಮಾನ.

ಆ ಅನುಮಾನ ಹೊಸದಲ್ಲ. ಪೇಟಿಯ ಮೇಲೂ ಇತ್ತು. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ದೂರ ಇಟ್ಟಿತ್ತು. ದೂರು ಇದ್ದದ್ದು ಎರಡು: ಒಂದು, ಅದರ ಸ್ವರಗಳು ಪಾಶ್ಚಾತ್ಯ ಶ್ರುತಿಗೆ ಕಟ್ಟಿದವು, ನಮ್ಮ ಗಾಯಕರ ಸ್ವರಕ್ಕೆ ಹೊಂದುವುದಿಲ್ಲ. ಎರಡು, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಅದರಲ್ಲಿ ಸಾಧ್ಯವೇ ಇಲ್ಲ. ಎರಡೂ ನಿಜವಾದ ದೂರುಗಳೇ. ಕೀಬೋರ್ಡ್ ಪೇಟಿಯ ತಮ್ಮ, ಅಣ್ಣನ ಎರಡು ದೋಷವೂ ಅದಕ್ಕೆ ಹುಟ್ಟಿನಿಂದ ಬಂದಿವೆ. ನಾನು ಎಕ್ಸ್‌ಪಿ-50 ಅನ್ನು ಇಷ್ಟು ವರ್ಷ ಬಿಡದೆ ಇಟ್ಟುಕೊಂಡದ್ದಕ್ಕೆ ಕಾರಣ ಒಂದೇ. ಶ್ರಮ ಪಟ್ಟರೆ ಈ ಎರಡೂ ದೂರಿಗೆ ಇದರಲ್ಲಿ ಉತ್ತರ ಸಿಗುತ್ತದೆ.

ಮೊದಲನೆಯದು ಶ್ರುತಿ. ಇದರ ಸಿಸ್ಟಮ್ ಮೆನುವಿನಲ್ಲಿ ಸ್ಕೇಲ್ ಟ್ಯೂನ್ ಎಂಬ ಪುಟ ಇದೆ. ಸಪ್ತಕದ ಹನ್ನೆರಡು ಸ್ವರಗಳಲ್ಲಿ ಯಾವುದನ್ನು ಬೇಕಾದರೂ ಸೆಂಟ್ ಲೆಕ್ಕದಲ್ಲಿ ಏರಿಸಬಹುದು, ಇಳಿಸಬಹುದು. ಪಕ್ಕಪಕ್ಕದ ಎರಡು ಕೀಗಳ ನಡುವಿನ ಅಂತರ 100 ಸೆಂಟ್. ತಂಬೂರಿಯಲ್ಲಿ ಕೇಳಿಬರುವ ಶುದ್ಧ ಗಂಧಾರ ಸಾದಿಂದ ಸುಮಾರು 386 ಸೆಂಟ್ ದೂರ. ಕೀಬೋರ್ಡಿನ ಗಂಧಾರ 400ರಲ್ಲಿ ಕೂತಿರುತ್ತದೆ. ಈ 14 ಸೆಂಟ್ ಏರಿಕೆಯೇ ಒಳ್ಳೆ ಗಾಯಕರ ಕಿವಿಗೆ ಚುಚ್ಚುವುದು. ಗಾಯಕರು ಕರಿ ಒಂದರಲ್ಲಿ, ಅಂದರೆ ಸಪ್ತಕದ ಮೊದಲ ಕರಿ ಕೀಯನ್ನು ಸಾ ಮಾಡಿಕೊಂಡು, ಹಾಡಿದರೆ ಶುದ್ಧ ಗಂಧಾರ ಬಿಳಿ ನಾಲ್ಕಕ್ಕೆ ಬೀಳುತ್ತದೆ. ಅದನ್ನು 14 ಸೆಂಟ್ ಇಳಿಸಿ, ನಿಷಾದವಾದ ಬಿಳಿ ಒಂದನ್ನು 12 ಇಳಿಸಿ, ಕೋಮಲ ಗಂಧಾರವಾದ ಬಿಳಿ ಮೂರನ್ನು 16 ಏರಿಸಿ. ತಂಬೂರಿಯ ಜೊತೆ ಸ್ಟ್ರಿಂಗ್ಸ್ ದನಿಯಲ್ಲಿ ಸಾ-ಗ ಒತ್ತಿ ಹಿಡಿದು ನೋಡಿ. ಮೊದಲು ಅಲುಗಾಡುತ್ತಿದ್ದ ದನಿ ನಿಂತುಬಿಡುತ್ತದೆ.

ತೊಂದರೆ ಇಲ್ಲ ಅಂತಲ್ಲ. ಸಾ ಬದಲಾದರೆ ಅಂಕಿಗಳನ್ನೆಲ್ಲ ಮತ್ತೆ ಬದಲಿಸಬೇಕು. ನಾಲ್ಕು ಜನ ಗಾಯಕರು ನಾಲ್ಕು ಶ್ರುತಿಯಲ್ಲಿ ಹಾಡುವ ಕಾರ್ಯಕ್ರಮದಲ್ಲಿ ಇದು ಆಗುವ ಮಾತಲ್ಲ. ಒಬ್ಬರೇ ಕೂತು ಸಂಜೆಯೆಲ್ಲ ವಚನ ಹಾಡುವ ಮಠದ ಕಾರ್ಯಕ್ರಮಗಳಲ್ಲಿ ಮಾತ್ರ ನಾನು ಇದನ್ನು ಬಳಸಿದ್ದು. ಅಲ್ಲಿ ಅದು ಕೊಟ್ಟ ಸುಖ ದೊಡ್ಡದು. ಧಾರವಾಡದ ಹಿರಿಯ ಗಾಯಕಿಯೊಬ್ಬರು ಕೀಬೋರ್ಡ್ ಇದ್ದರೆ ಹಾಡೋದಿಲ್ಲ ಎನ್ನುತ್ತಿದ್ದವರು. ಒಮ್ಮೆ ಶ್ರುತಿ ಹೊಂದಿಸುವಾಗ ಕಣ್ಣು ಮುಚ್ಚಿ ಕೇಳಿ, "ಮಾಸ್ತರ, ಇದು ನಮ್ಮ ಗಂಧಾರನ ಐತೆಲ್ರಿ" ಅಂದರು. ಆಮೇಲೆ ಅವರ ಕಾರ್ಯಕ್ರಮಗಳಿಗೆ ನನ್ನನ್ನು ಅವರೇ ಕರೆಸಿಕೊಂಡರು.

ಎರಡನೆಯದು ಮೀಂಡ್. ಇದಕ್ಕಾಗಿಯೇ ಈ ಬರಹದ ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ಕೀಬೋರ್ಡ್ ಕಲಿಸುವ ಕಡೆ ಇದನ್ನು ಹೇಳಿಕೊಡುವವರು ಕಡಿಮೆ.

ರೋಲ್ಯಾಂಡ್ ಕೀಬೋರ್ಡುಗಳ ಎಡಬದಿಯಲ್ಲಿ ಒಂದೇ ಲೀವರ್ ಇರುತ್ತದೆ. ಎಡಕ್ಕೆ ತಳ್ಳಿದರೆ ಸ್ವರ ಇಳಿಯುತ್ತದೆ, ಬಲಕ್ಕೆ ತಳ್ಳಿದರೆ ಏರುತ್ತದೆ, ಮುಂದಕ್ಕೆ ಒತ್ತಿದರೆ ಕಂಪನ ಬರುತ್ತದೆ. ಬಿಟ್ಟರೆ ಸ್ಪ್ರಿಂಗ್ ಅದನ್ನು ನಡುವಿಗೆ ತಂದು ನಿಲ್ಲಿಸುತ್ತದೆ. ಬೇರೆ ಬಹಳಷ್ಟು ಕೀಬೋರ್ಡುಗಳಲ್ಲಿ ಎರಡು ಚಕ್ರ ಇರುತ್ತವೆ. ನನ್ನ ಅಭಿಪ್ರಾಯದಲ್ಲಿ ನಮ್ಮ ಸಂಗೀತಕ್ಕೆ ಲೀವರೇ ವಾಸಿ. ಜಾರುವಿಕೆ, ಕಂಪನ ಎರಡೂ ಒಂದೇ ಹೆಬ್ಬೆರಳ ಕೆಳಗೆ ಸಿಗುತ್ತವೆ. ಲೀವರ್ ಎಷ್ಟು ಸ್ವರ ಜಾರಬೇಕು ಎಂಬುದನ್ನು ಪ್ರತಿ ದನಿಗೂ ಬೇರೆಯಾಗಿ ಇಡಬಹುದು. ಮೇಲಕ್ಕೆ 12 ಸೆಮಿಟೋನ್‌ (ಪಕ್ಕಪಕ್ಕದ ಎರಡು ಕೀಗಳ ನಡುವಿನ ಅಂತರ)ವರೆಗೆ, ಕೆಳಕ್ಕೆ 48ರವರೆಗೆ. ಅಷ್ಟೆಲ್ಲ ಬೇಡ. ಕೊಳಲು, ಸಾರಂಗಿಯಂಥ ದನಿಗೆ ಮೇಲೆ ಎರಡು, ಕೆಳಗೆ ಎರಡು ಇಡಿ. ಹೆಚ್ಚು ಇಟ್ಟಷ್ಟೂ ಬೆರಳಿನ ಸಣ್ಣ ನಡುಕವೂ ದೊಡ್ಡ ಅಪಸ್ವರವಾಗುತ್ತದೆ.

ಈಗ ಮುಖ್ಯ ಮಾತು. ಹೊಸಬರು ಮೊದಲು ಕೀ ಒತ್ತಿ ಆಮೇಲೆ ಲೀವರ್ ತಳ್ಳುತ್ತಾರೆ. ಆಗ ಸ್ವರ ಹೊರಟ ಜಾಗ ಸರಿಯಾಗಿರುತ್ತದೆ, ತಲುಪುವ ಜಾಗ ಅಂದಾಜಿನದ್ದಾಗುತ್ತದೆ. ಕೇಳುವವರ ಕಿವಿ ಕಾಯುವುದು ತಲುಪುವ ಸ್ವರಕ್ಕಾಗಿ. ಆದ್ದರಿಂದ ಉಲ್ಟಾ ಮಾಡಬೇಕು. ರಿಷಭದಿಂದ ಗಂಧಾರಕ್ಕೆ ಜಾರಬೇಕಿದ್ದರೆ ಲೀವರ್ ಅನ್ನು ಮೊದಲೇ ಎಡಕ್ಕೆ ಪೂರ್ತಿ ತಳ್ಳಿ ಹಿಡಿದು ಗಂಧಾರದ ಕೀಯನ್ನು ಒತ್ತಿ. ಕೇಳಿಸುವುದು ರಿಷಭ. ಈಗ ಲೀವರನ್ನು ಮೆಲ್ಲಗೆ ಬಿಡುತ್ತ ಬನ್ನಿ. ಸ್ವರ ಏರುತ್ತ ಹೋಗಿ ಗಂಧಾರದಲ್ಲಿ ತಾನೇ ನಿಲ್ಲುತ್ತದೆ, ಸ್ಪ್ರಿಂಗೇ ಅದನ್ನು ಅಲ್ಲಿಗೆ ಮುಟ್ಟಿಸುತ್ತದೆ. ಕೆಳಕ್ಕೆ ಜಾರುವಾಗಲೂ ಹಾಗೇ: ಬಲಕ್ಕೆ ತಳ್ಳಿ ಕೆಳಗಿನ ಸ್ವರವನ್ನು ಒತ್ತಿ, ಬಿಡುತ್ತ ಬನ್ನಿ. ಎಲ್ಲಿಂದ ಹೊರಟರೂ ಸೇರುವ ಸ್ವರ ಅಚ್ಚುಕಟ್ಟಾಗಿರುತ್ತದೆ. ಬಿಡುವ ವೇಗವೇ ಮೀಂಡಿನ ಭಾವ. ಭೀಮಪಲಾಸದ ಮೀಂಡಿಗೆ ಒಂದು ವೇಗ, ಭೈರವಿಗೆ ಇನ್ನೊಂದು. ದರ್ಬಾರಿ ರಾಗದ ಗಂಧಾರದ ಆಂದೋಲನಕ್ಕೆ, ಅಂದರೆ ನಿಧಾನದ ತೂಗಾಟಕ್ಕೆ, ಲೀವರನ್ನು ಪೂರ್ತಿ ಬಿಡದೆ, ನಡುವಿನ ಸ್ವಲ್ಪ ಎಡಕ್ಕೆ ತೂಗಿಸುತ್ತಾ ಹಿಡಿಯಬೇಕು. ಇದು ಕೈಗೆ ಹತ್ತಲು ವರ್ಷಗಳೇ ಬೇಕು. ಗಾಯಕರ ಪಕ್ಕ ಕೂತು, ಅವರು ಹಾಡಿದ್ದನ್ನು ಹಿಂದೆಯೇ ಹಿಡಿಯುತ್ತ ಕಲಿಯಬೇಕೇ ಹೊರತು ಬೇರೆ ದಾರಿ ನನಗೆ ಕಂಡಿಲ್ಲ.

ಇದರ ಜೊತೆ ದನಿಯನ್ನು ಸೋಲೋ (ಒಮ್ಮೆಗೆ ಒಂದೇ ಸ್ವರ) ಮಾಡಿ, ಲೆಗಾಟೊ (ಸ್ವರ ಕಡಿಯದೆ ಸಾಗುವುದು) ಹಾಕಿ, ಪೋರ್ಟಮೆಂಟೊ (ಸ್ವರದಿಂದ ಸ್ವರಕ್ಕೆ ತಾನೇ ಜಾರುವುದು) ಸಮಯವನ್ನು ತೀರಾ ಕಡಿಮೆ ಇಟ್ಟರೆ ಒಂದು ಕೀ ಬಿಡುವ ಮೊದಲೇ ಇನ್ನೊಂದು ಒತ್ತಿದಾಗ ಸ್ವರ ಕೂಡಿಕೊಂಡು ಹೋಗುತ್ತದೆ. ಮುಖ್ಯ ಸ್ವರಕ್ಕೆ ಮುಂಚೆ ಮುಟ್ಟಿಹೋಗುವ ಸಣ್ಣ ಕಣ ಸ್ವರಗಳಿಗೆ ಇಷ್ಟು ಸಾಕು. ಇನ್ನೊಂದು ಸೌಲಭ್ಯ ಆಫ್ಟರ್‌ಟಚ್: ಕೀ ಒತ್ತಿದ ಮೇಲೆ ಇನ್ನಷ್ಟು ಅದುಮಿದರೆ ಅದನ್ನೂ ಯಂತ್ರ ಗಮನಿಸುತ್ತದೆ. ಅದಕ್ಕೆ ದನಿಯ ಪ್ರಮಾಣವನ್ನು ಹೊಂದಿಸಿಕೊಂಡೆ. ಗಾಯಕರು ಒಂದು ಸ್ವರದ ಮೇಲೆ ನಿಂತು ದನಿ ತುಂಬಿದರೆ ನಾನೂ ಬೆರಳು ಅದುಮಿ ಅವರ ಹಿಂದೆ ತುಂಬುತ್ತಿದ್ದೆ. ಪೇಟಿಯಲ್ಲಿ ತಿದಿಯ ಒತ್ತಡದಿಂದ ಮಾಡುವ ಕೆಲಸ ಇದು. ಪೇಟಿಯಿಂದ ಬಂದವರಿಗೆ ಆಫ್ಟರ್‌ಟಚ್ ಇಲ್ಲದ ಕೀಬೋರ್ಡಿನಲ್ಲಿ ಏನೋ ಕಳಕೊಂಡ ಹಾಗೆ ಅನ್ನಿಸುತ್ತದೆ. ಅಗ್ಗದ ಮಾಡೆಲುಗಳಲ್ಲಿ ಇವತ್ತಿಗೂ ಇದು ಸಿಗುವುದು ಅಪರೂಪ.

ದನಿಗಳ ಬಗ್ಗೆ ಕಡಿಮೆ ಹೇಳುತ್ತೇನೆ. ಸ್ಟ್ರಿಂಗ್ಸ್ ಇವತ್ತಿಗೂ ಸೊಗಸು. ಫಿಲ್ಟರ್ ಸ್ವಲ್ಪ ಮುಚ್ಚಿ ಹೊಳಪು ತಗ್ಗಿಸಿ, ದನಿ ಇಳಿಸಿದರೆ ಗಾಯಕರ ಕೆಳಗೆ ಹಾಸಿದಂತೆ ಕೂರುತ್ತದೆ, ಮೇಲೆ ಬಂದು ತೊಂದರೆ ಕೊಡುವುದಿಲ್ಲ. ಪಿಯಾನೊ ಇಂದಿನ ಕಿವಿಗೆ ತೆಳು. ಪೇಟಿಯ ದನಿ ಬೇಕಾದಾಗ ಅಕಾರ್ಡಿಯನ್ನಿನಿಂದ ಕಟ್ಟಿಕೊಂಡೆ, ಎರಡು ಪದರಗಳನ್ನು ಒಂದಿಷ್ಟೇ ಶ್ರುತಿ ಸರಿಸಿ ಇಟ್ಟರೆ ಜೋಡಿ ರೀಡಿನ ಗುಂಗು ಬರುತ್ತದೆ. ಏಷ್ಯಾದ ವಾದ್ಯಗಳ ಎಸ್‌ಆರ್-ಜೆವಿ80-14 ಕಾರ್ಡ್ ನನ್ನ ಯಂತ್ರದಲ್ಲಿದೆ, ಸಿನಿಮಾ ಹಾಡುಗಳಿಗೆ ಅದು ಒದಗಿತು. ಕೀಬೋರ್ಡಿನಲ್ಲಿ ಸಿತಾರ ನುಡಿಸುವುದು ಮಾತ್ರ ನನಗೆ ಎಂದೂ ಒಗ್ಗಲಿಲ್ಲ. ಒಂದು ಲೆಕ್ಕ ನೆನಪಿರಲಿ. 64 ದನಿ ಅಂದರೂ ಒಂದು ಪ್ಯಾಚಿನಲ್ಲಿ (ಹೊಂದಿಸಿಟ್ಟ ಒಂದು ವಾದ್ಯದ ದನಿಯಲ್ಲಿ) ನಾಲ್ಕು ಪದರ ಇದ್ದರೆ ಒಂದು ಕೀ ನಾಲ್ಕು ದನಿ ತಿನ್ನುತ್ತದೆ. ಹದಿನಾರು ಸ್ವರಕ್ಕೆ ಖಾಲಿ. ಸಸ್ಟೇನ್ ಪೆಡಲ್ ಒತ್ತಿ ನುಡಿಸುವವರು ಪದರಗಳನ್ನು ಎರಡಕ್ಕೆ ಇಳಿಸಿಕೊಳ್ಳಲಿ.

ಆರ್ಕೆಸ್ಟ್ರಾ ದಿನಗಳಲ್ಲಿ ಸೀಕ್ವೆನ್ಸರ್ ನನ್ನ ಅನ್ನ ಕೊಟ್ಟಿತು. ಡ್ರಮ್ಮರ್ ಬಾರದ ಸಂಜೆ ಫ್ಲಾಪಿಯಲ್ಲಿದ್ದ ತಾಳವೇ ಗತಿ. ಈಗ ಫ್ಲಾಪಿ ಹುಡುಕುವುದು ಕಷ್ಟ. ಸೋನಿ ಕೂಡ 2011ರಲ್ಲಿ ಮಾರಾಟ ನಿಲ್ಲಿಸಿತು. ಫ್ಲಾಪಿ ಡ್ರೈವ್ ತೆಗೆದು ಆ ಜಾಗಕ್ಕೆ ಪೆನ್ ಡ್ರೈವ್ ಹಾಕುವ ಎಮ್ಯುಲೇಟರ್ ಕೂಡಿಸಿಕೊಳ್ಳುವವರಿದ್ದಾರೆ. ನಾನು ಮಾಡಿಸಿಲ್ಲ. ವಚನ ಗಾಯನದಲ್ಲಿ ಸೀಕ್ವೆನ್ಸರಿಗೆ ಜಾಗವೇ ಇಲ್ಲ. ಲಯ ಗಾಯಕರ ಉಸಿರಿನ ಜೊತೆ ಹಿಗ್ಗಿ ಕುಗ್ಗುವಾಗ ಯಂತ್ರದ ಗತಿ ಅಡ್ಡಿಯೇ.

ಇನ್ನು ಸವೆತ. ಇದನ್ನು ನೋಡಿದವರೆಲ್ಲ ಬೆರಗಾಗುವುದು ಕರಿ ಕೀಗಳನ್ನು ನೋಡಿ. ಬಿಳಿ ಕೀಗಳು ಸ್ವಲ್ಪ ಹಳದಿಯಾಗಿವೆ, ಅಷ್ಟೇ. ನಡುಸಪ್ತಕದ ಕರಿ ಒಂದು, ಕರಿ ಎರಡು, ಕರಿ ನಾಲ್ಕು, ಕರಿ ಐದು ಮಾತ್ರ ನುಣುಪಾಗಿ ಹೊಳೆಯುತ್ತವೆ, ಅಂಚುಗಳು ದುಂಡಾಗಿವೆ. ನಮ್ಮ ಕಡೆಯ ಗಂಡಸರು ಹೆಚ್ಚಾಗಿ ಕರಿ ಒಂದು, ಎರಡರಲ್ಲಿ ಹಾಡುತ್ತಾರೆ, ಹೆಂಗಸರು ಕರಿ ನಾಲ್ಕು, ಐದರಲ್ಲಿ. ನಾನು ಟ್ರಾನ್ಸ್‌ಪೋಸ್ ಗುಂಡಿ ಒತ್ತಿ ಬಿಳಿ ಒಂದರಿಂದಲೇ ನುಡಿಸುವ ರೂಢಿ ಇಟ್ಟುಕೊಂಡವನಲ್ಲ. ಗಾಯಕರ ಸಾ ಎಲ್ಲಿದೆಯೋ ಅಲ್ಲಿಂದಲೇ ನುಡಿಸಿದೆ. ಹೀಗೆ ಎಷ್ಟೋ ಗಾಯಕರ ಸಾ ಈ ಕೀಗಳ ಮೇಲೆ ಅಚ್ಚಾಗಿ ಉಳಿದಿದೆ. ಅವರಲ್ಲಿ ಕೆಲವರು ಈಗ ಇಲ್ಲ.

ಕೀಗಳ ಕೆಳಗಿನ ರಬ್ಬರ್ ಕಾಂಟ್ಯಾಕ್ಟ್ ಬಗ್ಗೆ ಎಚ್ಚರ ಇರಲಿ. ಪ್ರತಿ ಕೀಗೂ ಎರಡು ಸಂಪರ್ಕ ಬಿಂದುಗಳಿರುತ್ತವೆ. ಕೀ ಇಳಿಯುವಾಗ ಒಂದು ಮೊದಲು ಕೂಡುತ್ತದೆ, ಇನ್ನೊಂದು ಆಮೇಲೆ. ಎರಡರ ನಡುವಿನ ಸಮಯ ಅಳೆದು ಎಷ್ಟು ಜೋರಾಗಿ ಒತ್ತಿದಿರಿ ಎಂದು ಯಂತ್ರ ತೀರ್ಮಾನಿಸುತ್ತದೆ. ನಡುವೆ ಧೂಳು ಸೇರಿದರೆ ಲೆಕ್ಕ ತಪ್ಪಿ, ಮೆಲ್ಲಗೆ ಒತ್ತಿದ ಸ್ವರ ಕೂಗಿಕೊಂಡು ಹೊರಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ನವಲಗುಂದ, ಗದಗ, ರೋಣದ ಕಡೆ ಸುಗ್ಗಿ ಮುಗಿದ ಮೇಲೆ ಎರೆ ಹೊಲದ ನಡುವೆ ಪೆಂಡಾಲ್ ಹಾಕಿದ ಕಾರ್ಯಕ್ರಮಗಳಲ್ಲಿ ಆ ಸಣ್ಣ ಕರಿ ಧೂಳು ಎಲ್ಲೆಲ್ಲೂ ನುಗ್ಗುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿಸಿ, ರಬ್ಬರನ್ನೂ ಕೆಳಗಿನ ಬೋರ್ಡನ್ನೂ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಮೆತ್ತನೆ ಬಟ್ಟೆಯಲ್ಲಿ ಹಗುರಾಗಿ ಒರೆಸಿಸಿದರೆ ಸಾಕು. ಸಂಪರ್ಕ ಬಿಂದುಗಳ ಕರಿ ಲೇಪವನ್ನು ಉಜ್ಜಬಾರದು, ಉಜ್ಜಿದರೆ ಅದೇ ಹೋಗುತ್ತದೆ. ನುಡಿಸದೆ ಇರುವಾಗ ಹತ್ತಿ ಬಟ್ಟೆ ಹೊದಿಸಿಡಿ.

ನನ್ನದು ಜಪಾನಿನ ಮಾರುಕಟ್ಟೆಗೆ ತಯಾರಾದ 100 ವೋಲ್ಟಿನ ಯಂತ್ರ. ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಚುಚ್ಚುವ ಹಾಗಿಲ್ಲ. ಒಂದು ಜಾತ್ರೆಯಲ್ಲಿ ಸೌಂಡ್ ಸಿಸ್ಟಮ್‌ನ ಹುಡುಗ ನಾನು ಬರುವ ಮುಂಚೆಯೇ ಉಪಕಾರ ಮಾಡಲು ಹೋಗಿ ನೇರ ಚುಚ್ಚಿಬಿಟ್ಟ. ಫ್ಯೂಸ್ ಜೊತೆ ಪವರ್ ಸಪ್ಲೈಯ ಕೆಲ ಭಾಗಗಳೂ ಸುಟ್ಟವು. ಹುಬ್ಬಳ್ಳಿಯ ಹಳೇ ಟೇಪ್ ರೆಕಾರ್ಡರ್ ರಿಪೇರಿ ಮಾಸ್ತರರೊಬ್ಬರು ಭಾಗಗಳನ್ನು ಹೊಂದಿಸಿ ಮತ್ತೆ ಜೀವ ಕೊಟ್ಟರು. ಅಂದಿನಿಂದ ಪ್ಲಗ್ಗಿನ ಮೇಲೆ ಕೆಂಪು ಟೇಪ್ ಸುತ್ತಿ 100 ಎಂದು ದಪ್ಪಗೆ ಬರೆದಿದ್ದೇನೆ. ಹಳೇ ರೋಲ್ಯಾಂಡ್ ಕೊಳ್ಳುವವರು ಹಿಂಬದಿಯ ಚೀಟಿಯಲ್ಲಿ ವೋಲ್ಟೇಜ್ ಓದದೆ ಸ್ವಿಚ್ ಹಾಕಬಾರದು.

ಹಾಗಾದರೆ ಯಾಕೆ ಬಿಡುತ್ತಿದ್ದೇನೆ? ಯಂತ್ರಕ್ಕಿಂತ ನನ್ನ ಭುಜ ಮೊದಲು ದಣಿದಿದೆ. ಪೆಟ್ಟಿಗೆ, ಟ್ರಾನ್ಸ್‌ಫಾರ್ಮರ್, ಸ್ಟ್ಯಾಂಡ್ ಹೊತ್ತು ರಾತ್ರಿ ಬಸ್ಸು ಹತ್ತುವುದು ಇನ್ನು ಆಗದು. ಈಗ ನಾನು ಹೆಚ್ಚಾಗಿ ಪೇಟಿ ನುಡಿಸುತ್ತೇನೆ, ಮನೆಯಲ್ಲಿ ಪಾಠ ಹೇಳುತ್ತೇನೆ. ನುಡಿಸದೆ ಮೂಲೆಯಲ್ಲಿಟ್ಟರೆ ಇಂಥ ಯಂತ್ರ ಬೇಗ ಕೆಡುತ್ತದೆ. ದಿನಾ ಕೈ ಆಡುವ ಮನೆಯಲ್ಲಿ ಅದು ಇರಬೇಕು ಎಂಬುದು ನನ್ನ ಆಸೆ. ಮನಸ್ಸಿಗೆ ಕಷ್ಟ ಆಗುತ್ತಿದೆ, ಮುಚ್ಚಿಡುವುದಿಲ್ಲ.

ಕೇಳಲು ಬಂದವರು ಹಲವರು. ಹೆಚ್ಚಿನವರು ಸ್ಟೈಲ್ ಇಲ್ಲವೆಂದು ತಿಳಿದು ಹಿಂದೆ ಹೋದರು. ಅಣ್ಣಿಗೇರಿಯ ಹುಡುಗ ತನ್ನ ಸೋದರಮಾವನ ಜೊತೆ ಬಂದ. ಊರಿನ ಭಜನಾ ಮಂಡಳಿಯಲ್ಲಿ ಪೇಟಿ ನುಡಿಸುತ್ತಾನೆ. ಮಾವ ಅವರು ಸುತ್ತ ನೋಡಿ, "ಇಷ್ಟು ಹಳೇದು ತಗೊಂಡು ಏನ್ ಮಾಡ್ತಿಯೋ, ಹೊಸಾದ ಕೊಡಸ್ತೇನಿ" ಅಂದರು. ಹುಡುಗ ಮಾತಾಡಲಿಲ್ಲ. ನಾನು ಲೀವರ್ ಹಿಡಿದು ಕೋಮಲ ನಿಷಾದದಿಂದ ಸಾಕ್ಕೆ ಬರುವ ಮೀಂಡ್ ತೋರಿಸಿದೆ. "ಕಾಕಾ, ಇನ್ನೊಮ್ಮೆ ತೋರಸ್ರಿ" ಅಂದ. ಆಮೇಲೆ ತಾನೇ ಕೂತ. ಸಂಜೆಯವರೆಗೂ ಏಳಲಿಲ್ಲ. ಅಷ್ಟರಲ್ಲಿ ಮಾವನವರೇ, "ಇರ್ಲಿ ಬಿಡ್ರಿ, ಇದನ್ನ ಒಯ್ಯೋಣು" ಅಂದರು. ಬೆಲೆಯನ್ನು ಅವರು ಕೇಳಿದ್ದಕ್ಕಿಂತ ಇಳಿಸಿದೆ. ಬದಲಿಗೆ ಭಾನುವಾರ ಬಂದು ಲೀವರಿನ ಕೆಲಸ ಕಲಿಯಬೇಕೆಂದು ಮಾತು ತಗೊಂಡೆ. ಒಳಗಿನ ಕಾಯಿನ್ ಬ್ಯಾಟರಿ ಹೊಸದು ಹಾಕಿಸಿದ್ದೇನೆ. ಅದಕ್ಕೂ ಮುಂಚೆ ನನ್ನ ಪ್ಯಾಚುಗಳನ್ನೆಲ್ಲ ಫ್ಲಾಪಿಗೆ ಇಳಿಸಿಟ್ಟೆ. ಆ ಬ್ಯಾಟರಿ ತೆಗೆದ ಕ್ಷಣ ಯೂಸರ್ ಮೆಮೊರಿ ಅಳಿಸಿಹೋಗುತ್ತದೆ, ಇದು ಎಲ್ಲ ಹಳೇ ಸಿಂಥಸೈಸರ್ ಕೊಳ್ಳುವವರು ತಿಳಿದಿರಲೇಬೇಕಾದ್ದು.

ನೀವು ಬೇರೆ ಕಡೆ ಇದೇ ಮಾಡೆಲ್ ನೋಡಲು ಹೋಗುವುದಾದರೆ ಹೆಡ್‌ಫೋನ್ ಮತ್ತು ಮೊಬೈಲಿನಲ್ಲಿ ಒಂದು ಟ್ಯೂನರ್ ಆಪ್ ಇಟ್ಟುಕೊಂಡು ಹೋಗಿ. ಅರವತ್ತೊಂದು ಕೀಗಳನ್ನೂ ಒಮ್ಮೆ ಮೆಲ್ಲಗೆ, ಒಮ್ಮೆ ಜೋರಾಗಿ ಒತ್ತಿ. ನಡುಸಪ್ತಕದ ಕರಿ ಕೀಗಳಿಗೆ ಹೆಚ್ಚು ಸಮಯ ಕೊಡಿ. ಒಂದು ಸ್ವರ ಹಿಡಿದು ಅದುಮಿ ಆಫ್ಟರ್‌ಟಚ್ ನೋಡಿ. ಪರದೆಯ ಬೆಳಕು ಮಂಕಾಗಿದ್ದರೆ ಅದಕ್ಕೆ ಹೆದರಬೇಡಿ, ಓದಲು ಬಂದರೆ ಸಾಕು. ಕೊನೆಗೆ ಟ್ಯೂನರ್ ಹಚ್ಚಿ, ಲೀವರನ್ನು ಎರಡೂ ಕಡೆ ಪೂರ್ತಿ ತಳ್ಳಿ ಬಿಡಿ. ಪ್ರತಿ ಸಲವೂ ಮುಳ್ಳು ಅದೇ ನಡುವಿಗೆ ಬಂದು ನಿಂತರೆ ದುಡ್ಡು ಎಣಿಸಿ. ನಿಲ್ಲದಿದ್ದರೆ ಸ್ಪ್ರಿಂಗ್ ಹಾಕಿಸುವ ಖರ್ಚು ಬೆಲೆಯಲ್ಲಿ ಕಳೆಯಲು ಹೇಳಿ, ಒಪ್ಪದಿದ್ದರೆ ಇನ್ನೊಂದನ್ನು ಹುಡುಕಿ.